ಸ್ವಿಚ್ ಹಾಕುವ ಮೊದಲು: ಪ್ರೋಟೋಟೈಪ್ ಗೇಮ್ ಕನ್ಸೋಲನ್ನು ಓದಿ, ಅರಿತು, ಉಳಿಸುವ ಬಗೆ

ಕಳೆದ ಶ್ರಾವಣದಲ್ಲಿ ಯೊಕೊಹಾಮಾದಿಂದ ಬಂದ ನನ್ನ ತಂಗಿಯ ಮಗ, ಸೂಟ್‌ಕೇಸಿನ ತಳದಿಂದ ಟವೆಲ್ ಸುತ್ತಿದ ಪೊಟ್ಟಣವೊಂದನ್ನು ತೆಗೆದು ಊಟದ ಮೇಜಿನ ಮೇಲಿಟ್ಟ. ಟೋಕಿಯೊದ ಅಕಿಹಬಾರಾದಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರ ಗುಜರಿ ಡಬ್ಬಿಯಲ್ಲಿ ಅದು ಅವನಿಗೆ ಸಿಕ್ಕಿತ್ತು. ಹಸಿರು ಬೋರ್ಡು. ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರದೊಳಗೆ ಇರುವ ಅದೇ 68000 ಪ್ರೊಸೆಸರ್. ಜೊತೆಗೆ ಅಂಗಡಿಗೆ ಬಂದ ಯಂತ್ರದಲ್ಲಿ ಎಲ್ಲೂ ಕಾಣದ ನಾಲ್ಕೈದು ಚಿಪ್‌ಗಳು. ಅವುಗಳ ಮೇಲೆಲ್ಲ ಕೈಯಿಂದ ಬೆಸೆದ ಹಳದಿ ತಂತಿಗಳು. ಸಾಕೆಟ್‌ನಲ್ಲಿ ಕುಳಿತ, ಪ್ರೋಗ್ರಾಮನ್ನು ಬರೆದಿಡುವ ನೆನಪಿನ ಚಿಪ್‌ಗಳಾದ ಎರಡು ಇಪ್ರಾಮ್‌ಗಳ ಬೆನ್ನಿಗೆ ಬಿಳಿ ಚೀಟಿ ಅಂಟಿಸಿದ್ದರು. ಒಂದರ ಮೇಲೆ ಜಪಾನಿ ಲಿಪಿಯಲ್ಲಿ ‘ಸಮ’, ಇನ್ನೊಂದರ ಮೇಲೆ ‘ಬೆಸ’, ಎರಡರ ಮೇಲೂ ಪೆನ್ಸಿಲಿನಲ್ಲಿ ‘7/19’.

“ದೊಡ್ಡಮ್ಮ, ಅಡಾಪ್ಟರನ್ನೂ ತಂದಿದ್ದೇನೆ. ಈಗಲೇ ಪವರ್ ಕೊಟ್ಟು ನೋಡೋಣವೇ?” ಎಂದ.

“ಅದನ್ನು ಮುಟ್ಟಬೇಡ. ಮೊದಲು ಕ್ಯಾಮೆರಾ ತೆಗೆದುಕೊಂಡು ಬಾ” ಎಂದೆ.

ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ 26 ವರ್ಷ ಕೆಲಸ ಮಾಡಿದವಳು. ಟೆಲಿಫೋನ್ ಎಕ್ಸ್‌ಚೇಂಜಿನ ಕಾರ್ಡುಗಳಿಗೆ ಇಪ್ರಾಮ್ ಬರೆಯುವುದು, ಓದಿ ತಾಳೆ ನೋಡುವುದು, ಚಿಪ್ಪಿನ ಬೆನ್ನಿನ ಗಾಜಿನ ಕಿಟಕಿಗೆ ಚೀಟಿ ಅಂಟಿಸಿ ಆವೃತ್ತಿ, ತಾರೀಖು, ಇನಿಷಿಯಲ್ ಬರೆಯುವುದು ನನ್ನ ದಿನಚರಿಯಾಗಿತ್ತು. ಒಮ್ಮೆ ಹೊಸ ಕಾರ್ಡಿನ ಪ್ರಯೋಗದ ಮಾದರಿಯೊಂದನ್ನು ಅವಸರದಲ್ಲಿ ಪರೀಕ್ಷೆಗೆ ತಂದವರು ಇಪ್ರಾಮನ್ನು ತಿರುಗುಮುರುಗಾಗಿ ಕೂರಿಸಿ ಸ್ವಿಚ್ ಹಾಕಿಬಿಟ್ಟರು. ಬೆರಳು ಇಡಲಾಗದಷ್ಟು ಬಿಸಿಯಾದ ಆ ಚಿಪ್ ಮತ್ತೆ ಒಂದಕ್ಷರವನ್ನೂ ಓದಿಸಲಿಲ್ಲ. ಆ ಆವೃತ್ತಿಯ ಬೇರೆ ಪ್ರತಿ ಯಾರ ಬಳಿಯೂ ಇರಲಿಲ್ಲ. ನಾಲ್ಕು ತಿಂಗಳ ಕೆಲಸ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತಿನ ಅರ್ಥ ನನಗೆ ಗೊತ್ತಾದದ್ದು ಆ ದಿನ.

ಆದ್ದರಿಂದ ಪ್ರೋಟೋಟೈಪ್, ಅಂದರೆ ಅಂಗಡಿಗೆ ಬರುವ ಮೊದಲಿನ ಪ್ರಯೋಗದ ಮಾದರಿ, ಕೈಗೆ ಬಂದವರಿಗೆಲ್ಲ ನಾನು ಹೇಳುವ ಕ್ರಮ ಒಂದೇ. ಮೊದಲು ಚಿತ್ರ, ಆಮೇಲೆ ಚಿಪ್‌ಗಳ ಓದು, ಆಮೇಲೆ ರಿಪೇರಿ, ಎಲ್ಲಕ್ಕಿಂತ ಕೊನೆಗೆ ವಿದ್ಯುತ್ತು.

ಓದಿಟ್ಟದ್ದು ಯಂತ್ರಕ್ಕಿಂತ ಮುಂದೆ ನಡೆದ ಕಥೆ

ಈ ಕ್ರಮ ಏಕೆ ಮುಖ್ಯ ಎನ್ನುವುದಕ್ಕೆ ನಿಂಟೆಂಡೊ ಪ್ಲೇಸ್ಟೇಷನ್ನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸೋನಿ ಮತ್ತು ನಿಂಟೆಂಡೊ ಸೇರಿ, ನಿಂಟೆಂಡೊದ ಗೇಮ್ ಕನ್ಸೋಲಾದ ಸೂಪರ್ ಫ್ಯಾಮಿಕಾಮ್‌ನ ಕಾರ್ಟ್ರಿಜ್ ಮತ್ತು ಸಿ.ಡಿ. ಎರಡನ್ನೂ ಓಡಿಸುವ ಒಂದು ಯಂತ್ರವನ್ನು ರೂಪಿಸುತ್ತಿದ್ದವು. 1991ರ ಜೂನ್‌ನಲ್ಲಿ ಷಿಕಾಗೊದ ಎಲೆಕ್ಟ್ರಾನಿಕ್ಸ್ ಪ್ರದರ್ಶನದಲ್ಲಿ ಸೋನಿ ಅದನ್ನು ಘೋಷಿಸಿತು. ಮರುದಿನವೇ ನಿಂಟೆಂಡೊ, ತಾನು ಫಿಲಿಪ್ಸ್ ಜೊತೆ ಹೋಗುವುದಾಗಿ ಹೇಳಿತು. ಆ ಯಂತ್ರ ಅಂಗಡಿಗೆ ಬರಲೇ ಇಲ್ಲ. ಸೋನಿಯ ಎಂಜಿನಿಯರ್ ಕೆನ್ ಕುಟರಾಗಿ ಅವರು ಮುಂದೆ ಬೇರೆಯದೇ ಪ್ಲೇಸ್ಟೇಷನ್ ಕಟ್ಟಿದರು. ಅದು 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂತು.

ಹಳೆಯ ಮಾದರಿಗಳಲ್ಲಿ ಒಂದು, ಅಮೆರಿಕದಲ್ಲಿ ದಿವಾಳಿಯಾದ ಹಣಕಾಸು ಕಂಪನಿಯೊಂದರ ಸಾಮಾನಿನೊಡನೆ 2009ರಲ್ಲಿ ಹರಾಜಾಗಿ, ಪೆಟ್ಟಿಗೆಯೊಂದರಲ್ಲಿ ಮಲಗಿತ್ತು. 2015ರಲ್ಲಿ ಅದು ಹೊರಬಂದಾಗ ಅದರ ಸಿ.ಡಿ. ಡ್ರೈವ್ ಕೆಲಸ ಮಾಡುತ್ತಿರಲಿಲ್ಲ. ಆದರೆ ಅದರ ಜೊತೆಗಿದ್ದ ಕಾರ್ಟ್ರಿಜ್‌ನಲ್ಲಿ, ಸಿ.ಡಿ.ಯನ್ನು ಓದಿಸುವ ಬಯಾಸ್ ಪ್ರೋಗ್ರಾಮ್ ಇತ್ತು. ಅದನ್ನು ಓದಿ ತೆಗೆದರು. ಅದರ ಆಧಾರದ ಮೇಲೆ ನೋ-ಕ್ಯಾಶ್ ಎಂಬವರ ಎಮ್ಯುಲೇಟರಿನಲ್ಲಿ, ಅಂದರೆ ಯಂತ್ರದ ನಡತೆಯನ್ನು ಅನುಕರಿಸುವ ತಂತ್ರಾಂಶದಲ್ಲಿ, ಈ ಯಂತ್ರದ ಸಿ.ಡಿ. ಭಾಗ ಕಂಪ್ಯೂಟರಿನೊಳಗೆ ಜೀವ ತಾಳಿತು. 2016ರಲ್ಲಿ ಹವ್ಯಾಸಿಗಳು ‘ಸೂಪರ್ ಬಾಸ್ ಗೈಡನ್’ ಎಂಬ ಹೊಸ ಆಟವನ್ನೇ ಬರೆದರು. ಅದೇ ವರ್ಷ ಕನ್ಸೋಲ್ ಮಾರ್ಪಡಿಸುವುದಕ್ಕೆ ಹೆಸರಾದ ಅಮೆರಿಕದ ಬೆನ್ ಹೆಕೆನ್‌ಡಾರ್ನ್ ಯಂತ್ರವನ್ನು ಕ್ಯಾಮೆರಾದ ಮುಂದೆ ಬಿಚ್ಚಿ, ಒಂದೊಂದು ಚಿಪ್ಪನ್ನೂ ಗುರುತಿಸಿದರು. ಅವರ ಕೈಯಲ್ಲಿ ಡ್ರೈವ್ ಸಿ.ಡಿ. ಓದತೊಡಗಿದ್ದು 2017ರಲ್ಲಿ. ಆಗ ಅದರಲ್ಲಿ ಓಡಿಸಲು ಆಟ ಸಿದ್ಧವಾಗಿತ್ತು. 2020ರ ಮಾರ್ಚ್‌ನಲ್ಲಿ ಆ ಯಂತ್ರ 3,60,000 ಡಾಲರಿಗೆ ಹರಾಜಾಯಿತು. ಬೆಲೆ ಕೇಳಿ ಎಲ್ಲರೂ ಬೆರಗಾದರು. ನನಗೆ ಬೆರಗಾದದ್ದು, ಡ್ರೈವ್ ಸತ್ತೇ ಇದ್ದಿದ್ದರೂ ಆ ಯಂತ್ರದ ಒಳಬದುಕು ಆಗಲೇ ನೂರಾರು ಜನರ ಬಳಿ ಸುರಕ್ಷಿತವಾಗಿ ಇತ್ತಲ್ಲ ಎಂಬುದಕ್ಕೆ.

ಬಿಚ್ಚುವ ಮೊದಲು

ಯಂತ್ರ ಹೇಗೆ ಬಂತೋ ಹಾಗೆಯೇ, ಧೂಳಿನ ಸಮೇತ ಚಿತ್ರ ತೆಗೆಯಿರಿ. ಸುತ್ತಿದ ಕಾಗದ, ಪೆಟ್ಟಿಗೆಯ ಮೇಲಿನ ಬರಹ, ಯಾವ ಸ್ಕ್ರೂ ಎಲ್ಲಿತ್ತು, ಯಾವುದು ಕಾಣೆಯಾಗಿತ್ತು, ಎಲ್ಲವೂ ಬೇಕು. ಪ್ರೋಟೋಟೈಪ್‌ಗಳಲ್ಲಿ ಸ್ಕ್ರೂಗಳು ಒಂದೇ ಅಳತೆಯವಾಗಿರುವುದಿಲ್ಲ. ನಾನು ರಟ್ಟಿನ ಮೇಲೆ ಬೋರ್ಡಿನ ಆಕಾರ ಗೀಚಿ, ಸ್ಕ್ರೂ ತೆಗೆದ ಜಾಗದಲ್ಲೇ ಚುಚ್ಚಿಡುತ್ತೇನೆ. ಮಣಿಕಟ್ಟಿಗೆ ಸ್ಥಾಯಿ ವಿದ್ಯುತ್ ತಡೆಯುವ ಪಟ್ಟಿ ಕಟ್ಟಿ ಭೂಸಂಪರ್ಕ ಕೊಟ್ಟುಕೊಳ್ಳಿ; ಮಾಘದ ಒಣ ಹವೆಯಲ್ಲಂತೂ ಇದನ್ನು ತಪ್ಪಿಸಲೇಬಾರದು.

ಬೋರ್ಡು ಹೊರಬಂದ ಮೇಲೆ ಎರಡೂ ಬದಿಯನ್ನು ಚಪ್ಪಟೆ ಸ್ಕ್ಯಾನರಿನ ಮೇಲಿಟ್ಟು ಅಂಗುಲಕ್ಕೆ 600 ಚುಕ್ಕಿಯಲ್ಲಿ ಸ್ಕ್ಯಾನ್ ಮಾಡಿ. ಇದಕ್ಕೆ ಹಳೆಯ, ದಪ್ಪ ಸಿಸಿಡಿ ಸ್ಕ್ಯಾನರೇ ಬೇಕು. ಈಗಿನ ತೆಳ್ಳನೆಯವು ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತವೆ. ಚಿಪ್ ಎತ್ತರವಿದ್ದರೆ ಅದರ ಕೆಳಗಿನ ತಾಮ್ರದ ಗೆರೆಗಳೆಲ್ಲ ಮಸುಕು. ಹಿಂಬದಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿ ಮುಂಬದಿಯ ಮೇಲೆ ಅರೆಪಾರದರ್ಶಕವಾಗಿ ಕೂರಿಸಿದರೆ, ಯಾವ ರಂಧ್ರ ಯಾವುದಕ್ಕೆ ಹೋಗುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಮುಂದೆ ಎಷ್ಟೋ ದಿನಗಳ ಕೆಲಸವನ್ನು ಈ ಒಂದು ಚಿತ್ರ ಉಳಿಸುತ್ತದೆ.

ಹಳದಿ ತಂತಿಗಳ ಬಗ್ಗೆ ಒಂದು ಮಾತು. ನೋಡಲು ಗಲೀಜಾಗಿದೆ ಎಂದು ಅವುಗಳನ್ನು ಕಿತ್ತು ಅಚ್ಚುಕಟ್ಟಾಗಿ ಬೆಸೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೋರ್ಡು ಅಚ್ಚಾಗಿ ಬಂದ ಮೇಲೆ ಕಂಡ ತಪ್ಪನ್ನು ಎಂಜಿನಿಯರು ತಿದ್ದಿದ ಗುರುತು ಅದು. ಹಸ್ತಪ್ರತಿಯಲ್ಲಿ ಕವಿ ಹೊಡೆದುಹಾಕಿದ ಸಾಲಿಗೆ ಎಷ್ಟು ಬೆಲೆಯಿದೆಯೋ ಈ ತಂತಿಗೂ ಅಷ್ಟೇ ಬೆಲೆ. ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದರ ಅಡಿ ಯಾವ ಗೆರೆಯನ್ನು ಚಾಕುವಿನಿಂದ ಕತ್ತರಿಸಿದ್ದಾರೆ ಎಂದು ಒಂದೊಂದಕ್ಕೂ ಸಂಖ್ಯೆ ಕೊಟ್ಟು ಬರೆದಿಡಿ. ಹಳದಿಯಾದ ಪ್ಲಾಸ್ಟಿಕ್ ಕವಚವನ್ನು ಪೆರಾಕ್ಸೈಡ್ ಹಚ್ಚಿ ಬೆಳ್ಳಗೆ ಮಾಡುವುದಕ್ಕೂ ನನ್ನ ಒಪ್ಪಿಗೆಯಿಲ್ಲ.

ಇಪ್ರಾಮ್ ಓದುವುದು

ಅಂಗಡಿಗೆ ಬರುವ ಕಾರ್ಟ್ರಿಜ್‌ಗಳಲ್ಲಿ ಪ್ರೋಗ್ರಾಮ್ ಅಚ್ಚೊತ್ತಿದ ಮಾಸ್ಕ್ ರೋಮ್‌ನಲ್ಲಿರುತ್ತದೆ. ಅದು ಸುಲಭಕ್ಕೆ ಅಳಿಯುವುದಿಲ್ಲ. ಪ್ರೋಟೋಟೈಪ್‌ನಲ್ಲಿ ದಿನಕ್ಕೊಮ್ಮೆ ಬದಲಾಗುವ ಪ್ರೋಗ್ರಾಮನ್ನು ಇಪ್ರಾಮ್‌ನಲ್ಲಿ ಬರೆಯುತ್ತಿದ್ದರು. ಅದರ ನೆನಪು ಎಂದರೆ ಪುಟ್ಟ ಕೋಶಗಳಲ್ಲಿ ಸಿಕ್ಕಿಹಾಕಿಕೊಂಡ ವಿದ್ಯುದಂಶ. ಬೆನ್ನಿನ ಗಾಜಿನ ಕಿಟಕಿಯಿಂದ 253.7 ನ್ಯಾನೋಮೀಟರಿನ ಅತಿನೇರಳೆ ಬೆಳಕು ಬಿದ್ದರೆ ಅದು ಹೊರಹೋಗಿ, ಎಲ್ಲ ಬಿಟ್‌ಗಳೂ 1 ಆಗುತ್ತವೆ. ತೆರೆದ ಕಿಟಕಿಯ ಚಿಪ್ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರದಲ್ಲಿ, ಕೋಣೆಯ ಟ್ಯೂಬ್‌ಲೈಟಿನಲ್ಲಿ ಸುಮಾರು ಮೂರು ವರ್ಷದಲ್ಲಿ ಅಳಿಯಬಹುದು ಎಂದು ಅದರ ತಯಾರಕರ ಕೈಪಿಡಿಗಳೇ ಹೇಳುತ್ತಿದ್ದವು. ಮುಚ್ಚಿಟ್ಟರೂ ದಶಕಗಳಲ್ಲಿ ವಿದ್ಯುದಂಶ ಸೋರುತ್ತದೆ. 1990ರ ಚಿಪ್ ಈಗ ಆ ವಯಸ್ಸಿನಲ್ಲಿದೆ. ಇಂದು ಓದದಿದ್ದರೆ ನಾಳೆ ಓದಲು ಏನೂ ಉಳಿಯದಿರಬಹುದು.

ಚೀಟಿಯನ್ನು ಕೀಳಬೇಡಿ. ಚೀಟಿ ಎದ್ದಿದ್ದರೆ ಅದರ ಮೇಲೆಯೇ ಕಪ್ಪು ಟೇಪ್ ಹಚ್ಚಿ, ಬರಹದ ಚಿತ್ರ ಮೊದಲು ತೆಗೆದಿಟ್ಟುಕೊಂಡು. ಚಿಪ್ಪಿನ ನಂಬರ್ ಚೀಟಿಯ ಅಡಿಯಲ್ಲಿದ್ದು ನೋಡಲೇಬೇಕಾದರೆ, ಕೂದಲು ಒಣಗಿಸುವ ಡ್ರೈಯರಿನಿಂದ ದೂರದಿಂದ ಬೆಚ್ಚಗೆ ಮಾಡಿ, ಒಂದು ಮೂಲೆಯನ್ನಷ್ಟೇ ಎತ್ತಿ ನೋಡಿ.

ಸಾಕೆಟ್‌ನಿಂದ ತೆಗೆಯುವಾಗ ಎರಡೂ ತುದಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರದಿಯಲ್ಲಿ ಎತ್ತಬೇಕು. ಒಂದೇ ಕಡೆ ಮೀಟಿದರೆ ಇನ್ನೊಂದು ಕಡೆಯ ಕಾಲುಗಳು ಬಾಗಿ ಮುರಿಯುತ್ತವೆ. ಹಳೆಯ ಚಿಪ್ಪಿನ ಕಾಲುಗಳು ಕಪ್ಪಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ಅದಕ್ಕೂ ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ. ಆಲ್ಕೋಹಾಲ್, ಸಾಕೆಟ್, ಸೋಲ್ಡರ್ ಹೀರುವ ತಾಮ್ರದ ಬತ್ತಿ ಎಲ್ಲವನ್ನೂ ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೇ ತರುತ್ತೇನೆ.

ಓದಲು ಟಿಎಲ್866 ಅಥವಾ ಟಿ48 ಬಗೆಯ, ಚಿಪ್ ಓದಿ ಬರೆಯುವ ಪ್ರೋಗ್ರಾಮರ್ ಉಪಕರಣ ಸಾಕು. ಚಿಪ್ಪಿನ ಹೆಸರನ್ನು ಸರಿಯಾಗಿ ಆಯ್ಕೆ ಮಾಡಿ. 27ಸಿ512 ಎಂದರೆ 64 ಕಿಲೋಬೈಟ್, 27ಸಿ010 ಎಂದರೆ 128, ನನ್ನ ಬೋರ್ಡಿನಲ್ಲಿದ್ದ 27ಸಿ2001 ಎಂದರೆ 256. ಓದುವ ಗುಂಡಿ ಮತ್ತು ಬರೆಯುವ ಗುಂಡಿ ತೆರೆಯ ಮೇಲೆ ಅಕ್ಕಪಕ್ಕದಲ್ಲಿರುತ್ತವೆ. ಆದ್ದರಿಂದ ಬೇಡದ ಬೇರೊಂದು ಚಿಪ್ಪಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿದ ಮೇಲೆಯೇ ಅಸಲಿಗೆ ಕೈ ಹಾಕಿ.

ಒಂದು ಸಲ ಓದಿದ್ದು ಓದಲ್ಲ. ಪ್ರತಿ ಚಿಪ್ಪನ್ನೂ ತೆಗೆದು, ಮತ್ತೆ ಕೂರಿಸಿ ಕನಿಷ್ಠ ಮೂರು ಸಲ ಓದಿ, ಮೂರು ಕಡತಗಳ ಬೈಟ್‌ಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆಯಾದ ಚೆಕ್‌ಸಮ್ ಹೋಲಿಸಿ. ನನ್ನ ‘ಸಮ’ ಚಿಪ್ ಮೂರು ಸಲವೂ ಒಂದೇ ಉತ್ತರ ಕೊಟ್ಟಿತು. ‘ಬೆಸ’ ಮೂರು ಸಲಕ್ಕೆ ಮೂರು ಉತ್ತರ ಕೊಟ್ಟಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಂಥ ಹೊತ್ತಿನಲ್ಲಿ ತಪ್ಪಿನ ಬಗೆಯನ್ನು ನೋಡಬೇಕು. ಎಲ್ಲ ವಿಳಾಸಗಳಲ್ಲೂ ಒಂದೇ ಬಿಟ್ ತಪ್ಪುತ್ತಿದ್ದರೆ, ಡೇಟಾದ ಆ ಕಾಲು ಕೊಳೆಯಾಗಿದೆ. ಕಡತದ ಮೇಲಿನ ಅರ್ಧ ಕೆಳಗಿನ ಅರ್ಧದ ನಕಲಾಗಿದ್ದರೆ, ವಿಳಾಸದ ಒಂದು ಕಾಲು ತಾಗುತ್ತಿಲ್ಲದಿರಬಹುದು, ಅಥವಾ ಪ್ರೋಗ್ರಾಮ್ ಚಿಕ್ಕದಾಗಿದ್ದು ಎರಡು ಸಲ ಬರೆದಿರಬಹುದು. ಕಾಲು ಒರೆಸಿ ಮತ್ತೆ ಓದಿದರೆ ಯಾವುದೆಂದು ತಿಳಿಯುತ್ತದೆ. ತಪ್ಪುಗಳು ಅಲ್ಲೊಂದು ಇಲ್ಲೊಂದು ಚದುರಿದ್ದು, ಎಲ್ಲವೂ 0 ಇರಬೇಕಾದಲ್ಲಿ 1 ಎಂದೇ ಇದ್ದರೆ, ಅದು ವಿದ್ಯುದಂಶದ ಸೋರಿಕೆ. ನನ್ನದು ಈ ಮೂರನೆಯ ಬಗೆ.

ಸೋರಿದ ಕೋಶವನ್ನು ಓದುವ ಉಪಾಯ ಕಾರ್ಖಾನೆಯಲ್ಲಿ ಕಲಿತದ್ದು. ಕೋಶದಲ್ಲಿ ವಿದ್ಯುದಂಶ ಕಡಿಮೆಯಾದಂತೆ ಅದು ತೆರೆದುಕೊಳ್ಳಲು ಬೇಕಾದ ವೋಲ್ಟೇಜೂ ಇಳಿಯುತ್ತದೆ. 5 ವೋಲ್ಟಿನಲ್ಲಿ ಓದಿದಾಗ, ಮುಚ್ಚಿರಬೇಕಾದ ಆ ಕೋಶ ತೆರೆದುಕೊಂಡು 0 ಎನ್ನುವುದನ್ನು 1 ಎನ್ನುತ್ತದೆ. ಚಿಪ್ಪಿಗೆ ಕೊಡುವ ವೋಲ್ಟೇಜನ್ನೇ 4.5ಕ್ಕೆ, ಬೇಕಿದ್ದರೆ ಇನ್ನೂ ತುಸು ಕೆಳಗೆ ಇಳಿಸಿದರೆ ಅದು ಮತ್ತೆ ಮುಚ್ಚಿಕೊಂಡು ನಿಜ ಹೇಳುತ್ತದೆ. ಈ ವೋಲ್ಟೇಜನ್ನು ಆರಿಸಿಕೊಳ್ಳಲು ಬಿಡುವ ಪ್ರೋಗ್ರಾಮರನ್ನೇ ಕೊಳ್ಳಿ. ನಾನು 4.5 ವೋಲ್ಟಿನಲ್ಲಿ ಐದು ಸಲ ಓದಿದೆ. ಐದು ಕಡತಗಳೂ ಅಕ್ಷರಶಃ ಒಂದೇ ಆಗಿದ್ದವು.

ಒಂದೇ ಆಗಿವೆ ಎಂದಮಾತ್ರಕ್ಕೆ ಸರಿ ಎಂದಲ್ಲ. ಮೆಗಾ ಡ್ರೈವ್ ಆಟಗಳಲ್ಲಿ ಸಾಮಾನ್ಯವಾಗಿ ಹೆಕ್ಸ್ (ಹದಿನಾರರ ಎಣಿಕೆಯ) 18ಇ ವಿಳಾಸದಲ್ಲಿ ಒಂದು ಚೆಕ್‌ಸಮ್ ಇರುತ್ತದೆ, ಅದರೊಡನೆ ತಾಳೆ ನೋಡಬಹುದು. ಪ್ರೋಟೋಟೈಪ್‌ಗಳಲ್ಲಿ ಎಷ್ಟೋ ಸಲ ಅದನ್ನು ತುಂಬಿಸಿರುವುದೇ ಇಲ್ಲ. ನನ್ನದರಲ್ಲೂ ಅಲ್ಲಿ ಸೊನ್ನೆಗಳಿದ್ದವು. ಹಾಗಾಗಿ ಮೊದಲ ಓದುಗಳು ಎಲ್ಲೆಲ್ಲಿ ಬೇರೆಯಾಗಿದ್ದವೋ ಆ ಜಾಗಗಳಿಗೆ ಹೋಗಿ ಪ್ರೋಗ್ರಾಮನ್ನೇ ಓದಿದೆ. ಒಂದು ಕಡೆ ಮೊದಲ ಓದು 4ಇ7ಡಿ ಎಂದಿತ್ತು, ಕಡಿಮೆ ವೋಲ್ಟಿನ ಓದು 4ಇ75 ಎಂದಿತ್ತು. 68000 ಪ್ರೊಸೆಸರಿಗೆ 4ಇ75 ಎಂದರೆ ‘ಈ ಉಪಕೆಲಸ ಮುಗಿಯಿತು, ಬಂದಲ್ಲಿಗೆ ಹಿಂದಿರುಗು’ ಎಂಬ ಆಜ್ಞೆ. 4ಇ7ಡಿ ಎಂಬ ಆಜ್ಞೆ ಅದಕ್ಕೆ ಇಲ್ಲವೇ ಇಲ್ಲ. 75 ಎಂದರೆ ಎರಡರ ಪದ್ಧತಿಯಲ್ಲಿ 0111 0101, 7ಡಿ ಎಂದರೆ 0111 1101. ನಡುವೆ ಒಂದೇ ಒಂದು 0 ಜಾರಿ 1 ಆಗಿತ್ತು. ಉಳಿದ ಜಾಗಗಳನ್ನೂ ಹೀಗೆಯೇ ಒಂದೊಂದಾಗಿ ತೂಗಿ ನೋಡಿ ಒಪ್ಪಿದೆ. ಆ ಎಂಜಿನಿಯರು ಜುಲೈ 19ರಂದು ಬರೆದದ್ದು ಸರಿಯಾಗಿ ನಮ್ಮ ಕೈಗೆ ಬಂದಿತ್ತು.

‘ಸಮ’, ‘ಬೆಸ’ ಎಂದು ಎರಡು ಚಿಪ್ ಏಕೆ ಎಂದರೆ, ಪ್ರೊಸೆಸರಿನ ಡೇಟಾ ದಾರಿ 16 ಬಿಟ್ ಅಗಲ, ಇಪ್ರಾಮಿನದು 8. ಒಂದೊಂದು ಬೈಟನ್ನು ಸರದಿಯಲ್ಲಿ ಎರಡರಲ್ಲಿ ಹಂಚಿರುತ್ತಾರೆ. ಒಂದಾದ ಮೇಲೊಂದು ಬೈಟ್ ಹೆಣೆದು ಎರಡನ್ನೂ ಸೇರಿಸಿದರೆ 512 ಕಿಲೋಬೈಟಿನ ಪೂರ್ತಿ ಪ್ರೋಗ್ರಾಮ್. ಹೆಣಿಗೆ ಸರಿಯಾಗಿದೆಯೇ ಎಂದು ನೋಡುವುದು ಸುಲಭ: ಹೆಕ್ಸ್ 100ನೇ ವಿಳಾಸದಲ್ಲಿ ಎಸ್, ಇ, ಜಿ, ಎ ಎಂಬ ನಾಲ್ಕು ಅಕ್ಷರ ಸಾಲಾಗಿ ಬರಬೇಕು. ತಿರುಗುಮುರುಗಾದರೆ ಇ, ಎಸ್, ಎ, ಜಿ ಎಂದು ಬರುತ್ತದೆ. ಬಿಡಿಯಾಗಿ ನೋಡಿದರೆ ಸಮದಲ್ಲಿ ಎಸ್, ಜಿ, ಬೆಸದಲ್ಲಿ ಇ, ಎ. ತೆರೆಯ ಮೇಲೆ ಆ ನಾಲ್ಕು ಅಕ್ಷರ ಕೂಡಿಬಂದಾಗ ತಂಗಿಯ ಮಗ ಕುರ್ಚಿಯಿಂದ ಎದ್ದು ನಿಂತಿದ್ದ.

ಬಿಡಿ ಕಡತ, ಹೆಣೆದ ಕಡತ, ತಪ್ಪಾಗಿ ಬಂದ ಮೊದಲ ಓದುಗಳು ಯಾವುದನ್ನೂ ಅಳಿಸಬೇಡಿ. ಪ್ರತಿಯೊಂದರ ಬೆರಳಚ್ಚಿನಂಥ ಎಸ್‌ಎಚ್‌ಎ-256 ಸಂಖ್ಯೆಯನ್ನು, ಓದಿದ ತಾರೀಖು ಮತ್ತು ವೋಲ್ಟೇಜಿನ ಜೊತೆ ಬರೆದಿಡಿ.

ಇಪ್ರಾಮ್ ಬಿಟ್ಟರೆ ಬೋರ್ಡಿನಲ್ಲಿ ಪಾಲ್ ಎಂಬ ಪುಟ್ಟ ತರ್ಕ ಚಿಪ್‌ಗಳಿರುತ್ತವೆ. ಅಂಗಡಿಯ ಯಂತ್ರದಲ್ಲಿ ಒಂದೇ ಕಸ್ಟಮ್ ಚಿಪ್ ಮಾಡುವ ಕೆಲಸವನ್ನು ಪ್ರೋಟೋಟೈಪ್‌ನಲ್ಲಿ ಇಂಥ ಹತ್ತಾರು ಚಿಪ್‌ಗಳು ಹಂಚಿಕೊಂಡು ಮಾಡುತ್ತವೆ. ಒಳಗುಟ್ಟು ತಿಳಿಯಲು ಪ್ರೋಟೋಟೈಪೇ ಒಳ್ಳೆಯ ಗುರು ಎನ್ನುವುದು ಇದಕ್ಕೇ. ಬೀಗ ಹಾಕಿದ ಪಾಲ್‌ಗಳನ್ನು ನೇರವಾಗಿ ಓದಲಾಗದು. ಆದರೆ ಒಳಗೆ ನೆನಪು ಇಲ್ಲದ ಬಗೆಯದಾದರೆ, ಒಳಬರುವ 16 ತಂತಿಗಳಿಗೂ ಸಾಧ್ಯವಿರುವ 65,536 ಜೋಡಣೆಗಳನ್ನು ಒಂದೊಂದಾಗಿ ಕೊಟ್ಟು ಉತ್ತರ ಬರೆದುಕೊಂಡರೆ ಅದರ ತರ್ಕವೆಲ್ಲ ಸಿಕ್ಕಂತೆ. ಸೈಲಿಂಕ್ಸ್ ಎಫ್‌ಪಿಜಿಎ (ತರ್ಕವನ್ನು ಬೇಕಾದಂತೆ ತುಂಬಿಸಬಹುದಾದ ಚಿಪ್) ಇದ್ದರೆ ಪಕ್ಕದಲ್ಲಿ ಎಂಟು ಕಾಲಿನ ಸೀರಿಯಲ್ ಪ್ರಾಮ್ ಹುಡುಕಿ. ಪವರ್ ಹೋದರೆ ಮರೆಯುವ ಆ ಚಿಪ್ಪಿಗೆ ಪ್ರತಿ ಸಲ ಪಾಠ ಹೇಳುವುದು ಅದೇ. ಆಮ್ಲದಲ್ಲಿ ಚಿಪ್ಪಿನ ಮೈ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ಓದುವ ವಿಧಾನವೂ ಇದೆ. ಮನೆಯಲ್ಲಿ ಅದು ಬೇಡ, ಒಂದೇ ಪ್ರತಿಯಿರುವ ಚಿಪ್ಪಿಗಂತೂ ಬೇಡವೇ ಬೇಡ.

ಸೋರಿಕೆ

ಓದು ಮುಗಿದ ಮೇಲೆ ರಿಪೇರಿ. ಬೋರ್ಡಿನಲ್ಲಿ ಪೀಪಾಯಿಯಾಕಾರದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇದ್ದರೆ ಮೊದಲು ಅದನ್ನು ಕತ್ತರಿಸಿ ತೆಗೆಯಿರಿ. ಅದರಿಂದ ಸೋರುವುದು ಕ್ಷಾರ. ಬಿಳಿ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಶುದ್ಧ ನೀರಿನಿಂದ ಒರೆಸಿ, ಕೊನೆಗೆ ಆಲ್ಕೋಹಾಲಿನಿಂದ ಒರೆಸಿ.

1990ರ ಆಸುಪಾಸಿನ ಪುಟ್ಟ ಅಲ್ಯೂಮಿನಿಯಂ ಕೆಪಾಸಿಟರ್‌ಗಳು ಇನ್ನೊಂದು ಪೀಡೆ. ಹೊರಗೆ ಉಬ್ಬಿರದಿದ್ದರೂ ಅಡಿಯಿಂದ ಸೋರಿ ತಾಮ್ರದ ಗೆರೆ ತಿನ್ನುತ್ತವೆ. ಸೋಲ್ಡರಿಂಗ್ ಐರನ್ ತಾಗಿಸಿದೊಡನೆ ಮೀನಿನ ವಾಸನೆ ಬಂದರೆ ಸೋರಿದೆ ಎಂದೇ ಅರ್ಥ. ಇವನ್ನು ಮೀಟಿ ಕಿತ್ತರೆ ಕೆಳಗಿನ ತಾಮ್ರದ ಪಟ್ಟಿಯೂ ಕಿತ್ತುಬರುತ್ತದೆ. ಎರಡು ಐರನ್‌ಗಳಿಂದ ಎರಡೂ ಕಾಲನ್ನು ಒಟ್ಟಿಗೆ ಕಾಯಿಸಿ ಎತ್ತಿ. ತೆಗೆದ ಹಳೆಯ ಕೆಪಾಸಿಟರ್‌ಗಳನ್ನು ಜಾಗದ ಸಂಖ್ಯೆ ಬರೆದ ಪುಟ್ಟ ಚೀಲಗಳಲ್ಲಿ ಇಡಿ. ಅವು ಸತ್ತಿರಬಹುದು, ಆದರೂ ಬೋರ್ಡಿನ ಚರಿತ್ರೆಯ ಭಾಗ.

ಈಗ ವಿದ್ಯುತ್ತು

ಜಪಾನಿನ ಮನೆಯ ವಿದ್ಯುತ್ತು 100 ವೋಲ್ಟ್, ನಮ್ಮದು 230. ಅಲ್ಲಿಂದ ತಂದ ಅಡಾಪ್ಟರನ್ನು ಇಲ್ಲಿನ ಪ್ಲಗ್ಗಿಗೆ ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು. ಮೇಲಾಗಿ ಆ ಕಾಲದ ಸೂಪರ್ ಫ್ಯಾಮಿಕಾಮ್ ಮತ್ತು ಮೊದಲ ಮೆಗಾ ಡ್ರೈವ್ ಅಡಾಪ್ಟರುಗಳಲ್ಲಿ ನಡುವಿನ ತುದಿ ಋಣ, ಹೊರಗಿನದು ಧನ. ಈಗ ಅಂಗಡಿಯಲ್ಲಿ ಸಿಗುವ ಬಹುತೇಕ ಅಡಾಪ್ಟರುಗಳಲ್ಲಿ ಇದು ತಿರುಗುಮುರುಗು. ಪ್ರೋಟೋಟೈಪ್‌ಗೆ ಹಳೆಯ ಅಡಾಪ್ಟರ್ ಬಳಸಲೇಬೇಡಿ. ಕರೆಂಟಿಗೆ ಮಿತಿ ಹಾಕಬಹುದಾದ ಬೆಂಚ್ ಪವರ್ ಸಪ್ಲೈ ಒಂದನ್ನು ಕೊಳ್ಳಿ, ಇಲ್ಲವೇ ಎರವಲು ತನ್ನಿ.

ಇಪ್ರಾಮ್‌ಗಳನ್ನು ಹೊರಗೇ ಇಡಿ. ಮಲ್ಟಿಮೀಟರಿನಲ್ಲಿ 5 ವೋಲ್ಟಿನ ಗೆರೆಗೂ ನೆಲದ ಗೆರೆಗೂ ನಡುವಿನ ರೋಧ ಅಳೆಯಿರಿ. ಒಂದೆರಡು ಓಮ್ ಬಂದರೆ ಎಲ್ಲೋ ಶಾರ್ಟ್ ಇದೆ. ಹಾಗಿದ್ದರೆ ಒಂದು ವೋಲ್ಟಿಗಿಂತ ಕಡಿಮೆ ಕೊಟ್ಟು, ಬೋರ್ಡಿನ ಮೇಲೆ ಆಲ್ಕೋಹಾಲ್ ತೆಳ್ಳಗೆ ಸವರಿ. ಮೊದಲು ಆರುವ ಜಾಗವೇ ಬಿಸಿಯಾಗುತ್ತಿರುವ ಜಾಗ, ಅಪರಾಧಿ ಅಲ್ಲೇ ಇರುತ್ತಾನೆ. ಶಾರ್ಟ್ ಇಲ್ಲವೆಂದರೆ 5 ವೋಲ್ಟಿಗೆ ನಿಲ್ಲಿಸಿ, ಕರೆಂಟಿನ ಮಿತಿಯನ್ನು 100 ಮಿಲಿಆಂಪಿಯರಿನಿಂದ ಹಂತಹಂತವಾಗಿ ಏರಿಸುತ್ತ ಬನ್ನಿ. ಬೆರಳ ಬೆನ್ನಿನಿಂದ ಒಂದೊಂದು ಚಿಪ್ಪನ್ನೂ ತಾಗಿ ನೋಡುತ್ತಿರಿ. ಯಾವ ಚಿಪ್ಪೂ ಸುಡುತ್ತಿಲ್ಲ, ಗಡಿಯಾರದ ಮಿಡಿತ ಆಸಿಲೋಸ್ಕೋಪಿನಲ್ಲಿ ಕಾಣುತ್ತಿದೆ ಎಂದಾದ ಮೇಲೆ ಪವರ್ ತೆಗೆದು, ಓದಿದ ಕಡತಗಳನ್ನು ಹೊಸ ಇಪ್ರಾಮ್‌ಗಳಿಗೆ ಬರೆದು ಆ ನಕಲುಗಳನ್ನು ಸಾಕೆಟ್‌ನಲ್ಲಿ ಕೂರಿಸಿ. ಅಸಲು ಚಿಪ್‌ಗಳು ಬೋರ್ಡಿನಲ್ಲಿ ಮತ್ತೆ ಪವರ್ ನೋಡಬೇಕಾಗಿಲ್ಲ.

ಗುಟ್ಟು ಬಿಡಿಸುವುದು

ಬೋರ್ಡಿನ ನಕ್ಷೆ ಬರೆಯಲು ಕೀಕ್ಯಾಡ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸ್ಕ್ಯಾನ್ ನೋಡಿಕೊಂಡು, ಅನುಮಾನ ಬಂದಲ್ಲಿ ಮೀಟರಿನ ಬೀಪ್ ಕೇಳಿಕೊಂಡು ಒಂದೊಂದೇ ತಂತಿ ಎಳೆಯುತ್ತ ಹೋಗಬೇಕು. ಗೊತ್ತಿರುವ ಚಿಪ್‌ಗಳಿಂದ ಆರಂಭಿಸಿ. ಪ್ರೊಸೆಸರ್, ರ‍್ಯಾಮ್, ಇಪ್ರಾಮ್ ಇವುಗಳ ಕಾಲುಗಳ ವಿವರ ಮುದ್ರಿತ ಕೈಪಿಡಿಗಳಲ್ಲಿದೆ. ಅವೆಲ್ಲ ಕೂಡಿದ ಮೇಲೆ ಗೊತ್ತಿಲ್ಲದ ಚಿಪ್ಪಿನ ಸುತ್ತ ಹೆಸರುಗಳು ತಾವಾಗಿಯೇ ತುಂಬಿಕೊಳ್ಳುತ್ತವೆ.

ಇನ್ನೊಂದು ಕಡೆಯಿಂದ ಪ್ರೋಗ್ರಾಮನ್ನು ಓದಿ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2019ರಲ್ಲಿ ಎಲ್ಲರಿಗೂ ಬಿಟ್ಟ ಘಿಡ್ರಾ ಎಂಬ, ಯಂತ್ರಸಂಕೇತವನ್ನು ಬಿಡಿಸಿ ಓದಿಸುವ ತಂತ್ರಾಂಶಕ್ಕೆ 68000 ಚೆನ್ನಾಗಿ ಗೊತ್ತು. ನಾನು ಅನುಸರಿಸುವ ದಾರಿ ಇದು: ಪ್ರೋಗ್ರಾಮ್ ಓದುವ, ಬರೆಯುವ ಎಲ್ಲ ವಿಳಾಸಗಳ ಪಟ್ಟಿ ಮಾಡಿ, ಗೊತ್ತಿರುವುದನ್ನೆಲ್ಲ ಹೊಡೆದುಹಾಕಿ. ಮೆಗಾ ಡ್ರೈವ್‌ನಲ್ಲಿ ಸೊನ್ನೆಯಿಂದ ಪ್ರೋಗ್ರಾಮ್, ಎಫ್‌ಎಫ್0000ದಿಂದ ರ‍್ಯಾಮ್, ಸಿ00000ದಲ್ಲಿ ಚಿತ್ರ ಬರೆಯುವ ಚಿಪ್, ಎ00000ದಲ್ಲಿ ಧ್ವನಿ ನೋಡಿಕೊಳ್ಳುವ ಝಡ್80 ಪ್ರೊಸೆಸರಿನ ಭಾಗ, ಎ10000ದಲ್ಲಿ ನಿಯಂತ್ರಕಗಳು. ಇವನ್ನೆಲ್ಲ ಸೋಸಿದ ಮೇಲೆ ಜರಡಿಯಲ್ಲಿ ಉಳಿಯುವ ವಿಳಾಸಗಳೇ ಪ್ರೋಟೋಟೈಪಿನ ಸ್ವಂತದ್ದು.

ನನ್ನ ಜರಡಿಯಲ್ಲಿ ಎಂಟು ಉಳಿದವು. ಆ ಎಂಟಕ್ಕೂ ಸೇರಿದ ಸಂಕೇತ ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆಯಲ್ಲಿ ನೋಡಿದರೆ, ಒಂದು ಪಾಲ್ ಮೂಲಕ ಅಂಚಿನ ಒಂಬತ್ತು ಪಿನ್ನಿನ ಕನೆಕ್ಟರಿನ ಕಡೆ. ಎಂಟು ತಂತಿಯ ಅಗ್ಗದ ಲಾಜಿಕ್ ಅನಲೈಸರ್ (ತಂತಿಯಲ್ಲಿ 0, 1 ಬದಲಾಗುವುದನ್ನು ದಾಖಲಿಸುವ ಉಪಕರಣ) ಹಿಡಿದು ಪಲ್ಸ್‌ವ್ಯೂ ತಂತ್ರಾಂಶದಲ್ಲಿ ನೋಡಿದೆವು. ಸೆಕೆಂಡಿಗೆ 24 ಮಿಲಿಯನ್ ಸಲ ನೋಡುವ ಈ ಉಪಕರಣ 7.67 ಮೆಗಾಹರ್ಟ್ಸಿನ ಪ್ರೊಸೆಸರಿನ ಇಡೀ ಬಸ್ಸಿಗೆ, ಅಂದರೆ ಡೇಟಾ ಮತ್ತು ವಿಳಾಸ ಹರಿಯುವ ತಂತಿಗಳ ಗುಂಪಿಗೆ, ಸಾಲದು. ಒಂದೊಂದು ಚಿಪ್ ಯಾವಾಗ ಎಚ್ಚರಗೊಳ್ಳುತ್ತದೆ ಎಂದು ನೋಡಲು ಸಾಕು. ಒಂದು ತಂತಿಯಲ್ಲಿ ಸೆಕೆಂಡಿಗೆ 9600 ಬಿಟ್ ವೇಗದ ಸೀರಿಯಲ್ ಮಾತು ಹರಿಯುತ್ತಿತ್ತು. ಅಂಥ ಕನೆಕ್ಟರನ್ನು ನೇರವಾಗಿ ಕಂಪ್ಯೂಟರಿಗೆ ಸೇರಿಸಬೇಡಿ. ಹಳೆಯ ಸೀರಿಯಲ್ ಪದ್ಧತಿಯಲ್ಲಿ ಧನ, ಋಣ ಎರಡೂ ಕಡೆಗೆ ಹತ್ತು ಹನ್ನೆರಡು ವೋಲ್ಟ್ ಇರುತ್ತದೆ. ಮೊದಲು ಅಳೆದು, ತಕ್ಕ ಪರಿವರ್ತಕ ಹಾಕಿ. ಹಾಕಿದ ಮೇಲೆ ತೆರೆಯ ಮೇಲೆ ಒಂದು ಸಾಲು ಮೂಡಿತು: “ರ‍್ಯಾಮ್ ಓಕೆ”. ಮೂವತ್ತು ವರ್ಷ ಗುಜರಿಯಲ್ಲಿದ್ದ ಬೋರ್ಡು, ತನ್ನನ್ನು ಕಟ್ಟಿದ ಎಂಜಿನಿಯರಿಗೆ ಹೇಳುತ್ತಿದ್ದ ಮಾತನ್ನು ಬಸವನಗುಡಿಯ ನಮ್ಮ ಮನೆಯಲ್ಲಿ ಹೇಳಿತು.

ಸಿ.ಡಿ.ಗಳೂ ಜೊತೆಗಿದ್ದರೆ ಅವುಗಳಿಗೂ ಆತುರ ಬೇಕು. ಆ ಕಾಲದ ಬರೆಯುವ ಸಿ.ಡಿ.ಗಳ ಬಣ್ಣದ ಪದರ ಮಾಸುತ್ತದೆ. ಕಡತಗಳನ್ನಷ್ಟೇ ನಕಲು ಮಾಡಿದರೆ ಸಾಲದು. ಸಿ.ಡಿ.ಯ ಸೆಕ್ಟರ್ ಎಂಬ ಪ್ರತಿ ತುಣುಕಿನ ಪೂರ್ತಿ 2352 ಬೈಟ್‌ಗಳನ್ನೂ ಓದಿ. ಸಾಮಾನ್ಯ ನಕಲು 2048ನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. ಫ್ಲಾಪಿಗಳಿಗೆ ಗ್ರೀಸ್‌ವೀಸಲ್ ಎಂಬ ಪುಟ್ಟ ಉಪಕರಣವಿದೆ, ಅದು ಕಾಂತೀಯ ಗುರುತುಗಳನ್ನೇ ಹಾಗೆ ಹಾಗೇ ದಾಖಲಿಸುತ್ತದೆ.

ಯಾರ ಸ್ವತ್ತು, ಯಾರ ಹಕ್ಕು

ಬೋರ್ಡು ನಿಮ್ಮದಾದರೂ ಅದರೊಳಗಿನ ಪ್ರೋಗ್ರಾಮಿನ ಹಕ್ಕು ಬರೆಸಿದವರದೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವರು ರಕ್ಷಣೆಗಾಗಿ ನಕಲು ಮಾಡಿಕೊಳ್ಳುವುದಕ್ಕೂ, ಅದರ ಹಿಂದಿನ ತತ್ತ್ವ ತಿಳಿಯಲು ಅದು ಕೆಲಸ ಮಾಡುವ ಬಗೆಯನ್ನು ಗಮನಿಸಿ ಅಭ್ಯಾಸ ಮಾಡುವುದಕ್ಕೂ ಅವಕಾಶ ಕೊಡುತ್ತದೆ. ಎಲ್ಲರಿಗೂ ಹಂಚುವುದು ಬೇರೆ ಪ್ರಶ್ನೆ. ಎಷ್ಟೋ ಅಭಿವೃದ್ಧಿ ಯಂತ್ರಗಳನ್ನು ಕಂಪನಿಗಳು ಕಡವಾಗಿ ಕೊಟ್ಟಿದ್ದವು. ಹಾಗಾಗಿ ಕೊಳ್ಳುವ ಮೊದಲೇ ಅದು ಹೊರಗೆ ಬಂದ ದಾರಿಯನ್ನು ಕೇಳಿ ತಿಳಿಯಿರಿ. ನಕ್ಷೆ, ಚಿತ್ರ, ನಿಮ್ಮ ಟಿಪ್ಪಣಿಗಳನ್ನು ಮಾತ್ರ ಮುಚ್ಚಿಟ್ಟುಕೊಳ್ಳಬೇಡಿ. ಕಡತಗಳ ವಿಷಯದಲ್ಲಿ, 2017ರಲ್ಲಿ ಅಮೆರಿಕದಲ್ಲಿ ಆರಂಭವಾದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್‌ನಂಥ ಸಂಸ್ಥೆಗೆ ಬರೆದು ಕೇಳಿ. ಮಾರುಕಟ್ಟೆಗೆ ಬರದೇ ಹೋದ ಸೆಗಾ ವಿಆರ್ ಶಿರಸ್ತ್ರಾಣಕ್ಕಾಗಿ ಬರೆದ ಒಂದು ಆಟವನ್ನು, ಹಳೆಯ ಸಿ.ಡಿ.ಯಲ್ಲಿ ಉಳಿದಿದ್ದ ಮೂಲ ಸಂಕೇತದಿಂದ 2020ರಲ್ಲಿ ಮತ್ತೆ ಆಡುವಂತೆ ಮಾಡಿದವರು ಅವರು.

ಇಡುವ ಬಗೆ

ಹಳೆಯ ಕಪ್ಪು ಫೋಮಿನಲ್ಲಿ ಚುಚ್ಚಿಟ್ಟ ಚಿಪ್‌ಗಳಿದ್ದರೆ ಈಗಲೇ ತೆಗೆಯಿರಿ. ಆ ಫೋಮ್ ಕೊಳೆತು ಕಾಲುಗಳನ್ನು ತಿನ್ನುತ್ತದೆ. ಸ್ಥಾಯಿ ವಿದ್ಯುತ್ ತಡೆಯುವ ಬೆಳ್ಳಿ ಬಣ್ಣದ ಚೀಲ, ಒಳಗೆ ಸಿಲಿಕಾ ಜೆಲ್, ಹೊರಗೆ ಗಟ್ಟಿ ಪೆಟ್ಟಿಗೆ. ಕರಾವಳಿಯವರು ಮಳೆಗಾಲಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ ಸಿಲಿಕಾ ಜೆಲ್ ಬದಲಿಸಬೇಕು. ಕಡತಗಳ ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ನಮ್ಮದರ ಒಂದು ಪ್ರತಿ ಇಲ್ಲಿ, ಒಂದು ಯೊಕೊಹಾಮಾದಲ್ಲಿ, ಒಂದು ಧಾರವಾಡದ ತಂಗಿಯ ಮನೆಯಲ್ಲಿದೆ.

ಅಸಲು ಇಪ್ರಾಮ್‌ಗಳ ಚೀಟಿಯ ಮೇಲೆ ನಾನು ಏನನ್ನೂ ಬರೆಯಲಿಲ್ಲ. ಚೀಲದ ಹೊರಗೆ ಬೇರೆ ಚೀಟಿ ಅಂಟಿಸಿ ಓದಿದ ತಾರೀಖು, 4.5 ವೋಲ್ಟ್, ಚೆಕ್‌ಸಮ್ಮಿನ ಮೊದಲ ಎಂಟು ಅಕ್ಷರ, ಮೂಲೆಯಲ್ಲಿ ನನ್ನ ಇನಿಷಿಯಲ್ ಬರೆದೆ. ಪಕ್ಕದಲ್ಲಿ ತಂಗಿಯ ಮಗನೂ ತನ್ನದನ್ನು ಬರೆದ. ಪೆಟ್ಟಿಗೆ ಮುಚ್ಚುವ ಮೊದಲು “ದೊಡ್ಡಮ್ಮ, ಮುಂದಿನ ಸಲ ಇದನ್ನು ಯಾವಾಗ ಓದುವುದು?” ಎಂದು ಕೇಳಿದ. ಮುಂದಿನ ಶ್ರಾವಣಕ್ಕೆ ಬಂದಾಗ ಎಂದೆ. ಅವನು ಟಿಕೆಟ್ ಮಾಡಿಸಿದ್ದಾನೆ.